ಒಂದೇ ವರ್ಷದ ಲೆಕ್ಕ

ಲಂಡನ್ನಿಗೆ ಬಂದು ಮೂರ್ನಾಲ್ಕು ವರ್ಷ ಕಳೆಯುವಷ್ಟರಲ್ಲಿ ವಿಲಿಯಂ ಪ್ಲೇಫೇರ್ ಚೆನ್ನಾಗಿಯೇ ಕೈ ಸುಟ್ಟುಕೊಂಡಿದ್ದ. ಬರ್ಮಿಂಗ್‌ಹ್ಯಾಮಿನಲ್ಲಿ ಜೇಮ್ಸ್ ವ್ಯಾಟ್‌ನ ಉಗಿಯಂತ್ರದ ಕಾರ್ಖಾನೆಗೆ 1777ರಲ್ಲಿ ಸೇರಿ ನಕ್ಷೆ ಬರೆಯುತ್ತಿದ್ದವನು, ಆ ಕೆಲಸ ಬಿಟ್ಟು ಬೆಳ್ಳಿ ಸಾಮಾನಿನ ವ್ಯಾಪಾರಕ್ಕೆ ಇಳಿದ. ವ್ಯಾಪಾರ ಮುಳುಗಿತು. ಕಾರ್ಖಾನೆಯಲ್ಲಿದ್ದಾಗಲೂ ಅವನಿಗೆ ಹೇಳಿಕೊಳ್ಳುವಂಥ ಹೆಸರೇನೂ ಇರಲಿಲ್ಲ. ಎಡವಟ್ಟು ಮಾಡುವ ಆಸಾಮಿ, ಸ್ವಲ್ಪ ನೋಡಿಕೊಳ್ಳಿ ಎಂಬರ್ಥದಲ್ಲಿ ವ್ಯಾಟ್ ತನ್ನ ಪಾಲುದಾರ ಬೋಲ್ಟನ್‌ಗೆ ಎಚ್ಚರಿಕೆ ಕೊಟ್ಟಿದ್ದ. ಈಗ ಪ್ಲೇಫೇರ್ ಕೈಯಲ್ಲಿ ಉಳಿದದ್ದು ಎರಡೇ: ಗೆರೆ ಎಳೆಯುವ ಕಸುಬು ಮತ್ತು ಚಿಕ್ಕಂದಿನಲ್ಲಿ ಅಣ್ಣ ಕಲಿಸಿದ ಒಂದು ಪಾಠ.

ಸ್ಕಾಟ್ಲೆಂಡಿನ ಡಂಡೀ ಹತ್ತಿರದ ಲಿಫ್ ಎಂಬ ಹಳ್ಳಿಯಲ್ಲಿ 1759ರಲ್ಲಿ ಹುಟ್ಟಿದ ಅವನು ಹದಿಮೂರು ತುಂಬುವ ಹೊತ್ತಿಗೆ ಪಾದ್ರಿಯಾಗಿದ್ದ ತಂದೆ ತೀರಿಕೊಂಡರು. ಸಾಕಿದವನು ಅಣ್ಣ ಜಾನ್. ಮುಂದೆ ಎಡಿನ್‌ಬರೊದಲ್ಲಿ ಗಣಿತದ ಪ್ರೊಫೆಸರ್ ಆಗಿ, ಭಾರತೀಯರ ಖಗೋಳ ಲೆಕ್ಕಾಚಾರದ ಮೇಲೂ ಪ್ರಬಂಧ ಬರೆದವನು ಇವನೇ. ದಿನದಿನದ ಥರ್ಮಾಮೀಟರ್ ಅಂಕಿಗಳನ್ನು ಬರೆದಿಟ್ಟು, ಅವನ್ನು ಗೆರೆಯಾಗಿ ಎಳೆ ಎಂದು ಜಾನ್ ತಮ್ಮನನ್ನು ಕೂರಿಸುತ್ತಿದ್ದ. ಅಂಕಿಯಲ್ಲಿ ಹೇಳಬಹುದಾದ್ದನ್ನೆಲ್ಲ ಗೆರೆಯಲ್ಲೂ ತೋರಿಸಬಹುದು ಎಂಬುದು ಹುಡುಗನ ತಲೆಗೆ ಹತ್ತಿದ್ದು ಹಾಗೆ.

ಬೆಳ್ಳಿ ವ್ಯಾಪಾರ ಕೈಕೊಟ್ಟ ಮೇಲೆ ಪ್ಲೇಫೇರ್ ಆ ಪಾಠವನ್ನೇ ಬಂಡವಾಳ ಮಾಡಿಕೊಂಡ. ಇಂಗ್ಲೆಂಡು ಒಂದೊಂದು ದೇಶದೊಂದಿಗೂ ನಡೆಸಿದ ಆಮದು ರಫ್ತಿನ ಲೆಕ್ಕವನ್ನು ವರ್ಷಗಳ ಉದ್ದಕ್ಕೆ ಹರಿಯುವ ಗೆರೆಗಳಾಗಿ ಬರೆದು ಪುಸ್ತಕ ತರುವುದು ಅವನ ಯೋಜನೆ. ಅಂಕಿಯ ಕೋಷ್ಟಕ ಓದಿ ಅಭ್ಯಾಸವಿದ್ದ ವರ್ತಕರಿಗೆ ಇದೊಂದು ಮಕ್ಕಳಾಟದಂತೆ ಕಾಣುವ ಅಪಾಯವಿತ್ತು. ಕರಡು ನೋಡಿದ ವ್ಯಾಟ್ ಕೂಡ ಅನುಮಾನದಿಂದಲೇ ಸಲಹೆ ಕೊಟ್ಟ: ಚಿತ್ರದ ಜೊತೆ ಮೂಲ ಅಂಕಿಗಳನ್ನೂ ಅಚ್ಚು ಹಾಕು, ಇಲ್ಲವಾದರೆ ಇದೆಲ್ಲ ನಿನಗೆಲ್ಲಿಂದ ಸಿಕ್ಕಿತು ಎಂದು ಜನ ಕೇಳುತ್ತಾರೆ. ಪ್ಲೇಫೇರ್ ಒಪ್ಪಿಕೊಂಡ. ತಾಮ್ರದ ತಗಡಿನ ಮೇಲೆ ಒಂದೊಂದೇ ಗೆರೆ ಕೊರೆಯುವ ಕೆಲಸ ನಡೆಯಿತು. ಇಂಗ್ಲೆಂಡಿನ ಮಟ್ಟಿಗೆ ಎಲ್ಲವೂ ಸಲೀಸು.

ಕತೆ ತಿರುಗಿದ್ದು ಸ್ಕಾಟ್ಲೆಂಡಿನ ಹತ್ತಿರ. ಅವನ ಹುಟ್ಟುನಾಡಿನ ವ್ಯಾಪಾರಕ್ಕೆ ಅವನ ಕೈಗೆ ಸಿಕ್ಕಿದ್ದು ಒಂದೇ ವರ್ಷದ ಲೆಕ್ಕ: 1780ರ ಕ್ರಿಸ್‌ಮಸ್‌ನಿಂದ 1781ರ ಕ್ರಿಸ್‌ಮಸ್‌ವರೆಗೆ. ವರ್ಷದಿಂದ ವರ್ಷಕ್ಕೆ ಓಡಬೇಕಾದ ಗೆರೆ ಒಂದೇ ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಓಡೀತು? ಒಂದು ಚುಕ್ಕೆ ಇಡಬಹುದು, ಅಷ್ಟೇ. ಕಾಲವನ್ನು ಗೆರೆಯಾಗಿ ಬರೆಯುವುದು ಆ ಹೊತ್ತಿಗೆ ಹೊಸದಲ್ಲ. 1765ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬಾತ ಎರಡು ಸಾವಿರದಷ್ಟು ಹೆಸರಾಂತರ ಆಯುಸ್ಸನ್ನು ಉದ್ದ ಗಿಡ್ಡ ಗೆರೆಗಳಲ್ಲಿ ತೋರಿಸಿದ್ದ. ಆದರೆ ಪ್ಲೇಫೇರ್ ಮುಂದಿದ್ದ ಲೆಕ್ಕದಲ್ಲಿ ಕಾಲವೇ ಇರಲಿಲ್ಲ. ಸ್ಕಾಟ್ಲೆಂಡನ್ನು ಪುಸ್ತಕದಿಂದ ಬಿಟ್ಟುಬಿಡಲು ಅವನಿಗೆ ಮನಸ್ಸೂ ಬರಲಿಲ್ಲ.

ಕೊನೆಗೆ ವರ್ಷಗಳನ್ನು ಹಾಳೆಯಿಂದ ತೆಗೆದೇ ಹಾಕಿದ. ಆ ಜಾಗದಲ್ಲಿ ಹದಿನೇಳು ದೇಶ ದ್ವೀಪಗಳ ಹೆಸರನ್ನು ಒಂದರ ಕೆಳಗೊಂದು ಬರೆದ. ಪ್ರತಿ ಹೆಸರಿನ ನೇರಕ್ಕೆ ಎರಡೆರಡು ಅಡ್ಡ ಪಟ್ಟಿ. ಬರಿ ಕಪ್ಪಾದದ್ದು ರಫ್ತು, ಸಣ್ಣ ಗೀಟುಗಳಿಂದ ತುಂಬಿದ್ದು ಆಮದು. ಹತ್ತು ಸಾವಿರ ಪೌಂಡಿಗೊಂದರಂತೆ ನೆಟ್ಟಗೆ ನಿಂತ ಗೆರೆಗಳೇ ಅಳತೆ. ಮೇಲಿದ್ದ ಜರ್ಸಿ ದ್ವೀಪದ ಪಟ್ಟಿ ಇದ್ದೂ ಇಲ್ಲದಂತೆ. ತಳದಲ್ಲಿದ್ದ ಐರ್ಲೆಂಡಿನದು ಹಾಳೆಯ ಅಗಲಕ್ಕೂ ಚಾಚಿಕೊಂಡಿತ್ತು. ಸ್ಕಾಟ್ಲೆಂಡಿನ ಹೊಟ್ಟೆ ಯಾರಿಂದ ತುಂಬುತ್ತಿದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. 1786ರಲ್ಲಿ ಪುಸ್ತಕ ಹೊರಬಂತು. ಅದರ ನಲವತ್ತನಾಲ್ಕು ಚಿತ್ರಗಳಲ್ಲಿ ಪಟ್ಟಿಗಳದ್ದು ಇದೊಂದೇ. ಇದರಲ್ಲಿ ಕಾಲದ ಲೆಕ್ಕವಿಲ್ಲ, ಉಳಿದವುಗಳ ಮುಂದೆ ಇದರ ಪ್ರಯೋಜನ ತೀರಾ ಕಡಿಮೆ ಎಂದು ಪ್ಲೇಫೇರ್ ತಾನೇ ಸಂಕೋಚಪಟ್ಟು ಬರೆದ.

ಆಮೇಲಿನ ಅವನ ಬದುಕು ಏಳುಬೀಳಿನದು. ಪ್ಯಾರಿಸ್‌ಗೆ ಹೋದ, ಅಮೆರಿಕದ ಜಮೀನು ಮಾರುವ ವ್ಯವಹಾರಕ್ಕೆ ಕೈಹಾಕಿ ಕೆಟ್ಟ ಹೆಸರು ತಂದುಕೊಂಡ, ಲಂಡನ್ನಿಗೆ ಮರಳಿ ಬ್ಯಾಂಕು ತೆರೆದು ಅದನ್ನೂ ಮುಳುಗಿಸಿದ, ಸಾಲಕ್ಕಾಗಿ ಸೆರೆಮನೆ ಕಂಡ. ಆದರೂ ಚಿತ್ರ ಬರೆಯುವ ಹಟ ಬಿಡಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಎರಡು ವರ್ಷಕ್ಕೆ, 1801ರಲ್ಲಿ, ಅವನ ಇನ್ನೊಂದು ಪುಸ್ತಕ ಬಂತು. ಪೈ ಚಾರ್ಟ್ ಹುಟ್ಟಿದ್ದು ಅದರಲ್ಲಿ. ಯುರೋಪಿನ ದೇಶಗಳ ಜೊತೆಗೆ ಹಿಂದೂಸ್ತಾನದ ಆಳರಸರ ಬಲಾಬಲವನ್ನೂ ಅವನು ಅದಕ್ಕೆ ಸೇರಿಸಿದ್ದ. ಅದೇ ಹೊತ್ತಿಗೆ ಇನ್ನೊಬ್ಬ ಸ್ಕಾಟ್, ಫ್ರಾನ್ಸಿಸ್ ಬುಕಾನನ್, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತುತ್ತ, ತುಮಕೂರು ಗುಬ್ಬಿಗಳ ಕಡೆಯ ಬೆಳೆ ವ್ಯಾಪಾರಗಳನ್ನು ಬರೆದುಕೊಳ್ಳುತ್ತಿದ್ದ. 1807ರಲ್ಲಿ ಅದು ಮೂರು ದಪ್ಪ ಸಂಪುಟಗಳಾಯಿತು. ಪುಟಗಟ್ಟಲೆ ಬರಹ. ಪ್ಲೇಫೇರನ ಪಟ್ಟಿಗಳು ಇನ್ನೂ ಯಾರ ಅಭ್ಯಾಸಕ್ಕೂ ಇಳಿದಿರಲಿಲ್ಲ. 1823ರಲ್ಲಿ ಅವನು ಬಡತನದಲ್ಲೇ ಸತ್ತ.

ಮುಂದೆ ಆ ಪಟ್ಟಿಗಳು ಬಳಕೆಗೆ ಬಂದವು. ಆದರೆ ಅವು ಸಭೆಯ ತೆರೆಗೆ ಸಲೀಸಾಗಿ ಏರಲು ಇನ್ನೊಬ್ಬ ಹಟಮಾರಿ ಬೇಕಾಯಿತು. 1984ರಲ್ಲಿ ಕ್ಯಾಲಿಫೋರ್ನಿಯಾದ ಫೋರ್‌ಥಾಟ್ ಎಂಬ ಸೊರಗಿದ ಕಂಪನಿಗೆ ರಾಬರ್ಟ್ ಗ್ಯಾಸ್ಕಿನ್ಸ್ ಸೇರಿದ. ಆಗ ಸಭೆಗೆ ಚಿತ್ರ ಬೇಕೆಂದರೆ ಕಲಾವಿದನಿಗೆ ಹೇಳಿ ಬರೆಸಿ, ಪಾರದರ್ಶಕ ಹಾಳೆಗೆ ಇಳಿಸಿ, ಓವರ್‌ಹೆಡ್ ಪ್ರೊಜೆಕ್ಟರ್ ಮೇಲಿಡಬೇಕು. ಮಾತಾಡುವವನೇ ತನ್ನ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಳ್ಳಲಿ ಎಂದು ಗ್ಯಾಸ್ಕಿನ್ಸ್ ಎರಡು ಪುಟದ ಪ್ರಸ್ತಾವ ಬರೆದ. ಪ್ರೋಗ್ರಾಂ ಬರೆಯಲು ಡೆನಿಸ್ ಆಸ್ಟಿನ್ ಕೂತ. ದುಡ್ಡಿಗೆ ತತ್ವಾರ. ಬಿಡುಗಡೆ ಹತ್ತಿರ ಬಂದಾಗ, ಇಟ್ಟುಕೊಂಡಿದ್ದ ‘ಪ್ರೆಸೆಂಟರ್’ ಎಂಬ ಹೆಸರು ಬೇರೆಯವರ ಪಾಲಾಗಿರುವುದು ತಿಳಿಯಿತು. ಗ್ಯಾಸ್ಕಿನ್ಸ್‌ಗೆ ಹೊಸ ಹೆಸರು ಹೊಳೆದದ್ದು ಬೆಳಗಿನ ಸ್ನಾನದ ಹೊತ್ತಿನಲ್ಲಿ: ಪವರ್‌ಪಾಯಿಂಟ್. 1987ರ ಏಪ್ರಿಲ್‌ನಲ್ಲಿ ಮ್ಯಾಕಿಂಟಾಷ್‌ಗೆಂದು ಹೊರಬಂದ ಮೊದಲ ಹತ್ತು ಸಾವಿರ ಪ್ರತಿಗಳು ಖಾಲಿಯಾದವು. ಇಂಥದ್ದು ವರ್ಡ್‌ನೊಳಗೇ ಒಂದು ಸೌಲಭ್ಯವಾಗಿದ್ದರೆ ಸಾಕು ಎಂದು ಮೊದಮೊದಲು ಅಂದುಕೊಂಡಿದ್ದ ಬಿಲ್ ಗೇಟ್ಸ್, ಅದೇ ವರ್ಷ 1.4 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡುಕೊಂಡ.

ಪಟ್ಟಿಗಳು ಯಾಕೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಎಂಬ ಉತ್ತರವೂ ಗ್ಯಾಸ್ಕಿನ್ಸ್ ಪ್ರಸ್ತಾವ ಬರೆದ 1984ರಲ್ಲೇ ಸಿಕ್ಕಿತು. ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಜನರಿಗೆ ಬಗೆಬಗೆಯ ಚಿತ್ರ ತೋರಿಸಿ ಪರೀಕ್ಷಿಸಿದರು. ಒಂದೇ ಅಳತೆಗೋಲಿನ ಮೇಲೆ ತುದಿಗಳು ಎಲ್ಲಿ ನಿಂತಿವೆ ಎಂಬುದನ್ನು ಕಣ್ಣು ಸರಿಯಾಗಿ ಅಂದಾಜು ಮಾಡುತ್ತದೆ. ಕೋನ, ವಿಸ್ತೀರ್ಣಗಳಲ್ಲಿ ಹೆಚ್ಚು ಎಡವುತ್ತದೆ. ತುಮಕೂರಿನ ಬಟವಾಡಿಯ ಎಪಿಎಂಸಿ ಯಾರ್ಡಿಗೆ ಒಂದು ದಿನ ಬಂದ ಹುಣಸೆ, ರಾಗಿ, ಅಡಿಕೆಯ ಮೂಟೆಗಳನ್ನು ಸ್ಲೈಡಿನಲ್ಲಿ ತೋರಿಸುವುದಾದರೆ ಅಲ್ಲಿಯೂ ಓಡಿಸಲು ವರ್ಷಗಳಿಲ್ಲ, ಹೋಲಿಸಲು ಹೆಸರುಗಳಿವೆ. ಇನ್‌ಸರ್ಟ್ ಒತ್ತಿ, ಚಾರ್ಟ್ ಆರಿಸಿದರೆ ಪವರ್‌ಪಾಯಿಂಟ್‌ನಲ್ಲಿ ಪುಟ್ಟದೊಂದು ಎಕ್ಸೆಲ್ ಹಾಳೆ ತೆರೆದುಕೊಳ್ಳುತ್ತದೆ. ಅದರಲ್ಲಿ ಮೊದಲೇ ತುಂಬಿರುವ ಮಾದರಿ ಅಂಕಿಗಳನ್ನು ಅಳಿಸಿ ಯಾರ್ಡಿನ ಅಂಕಿ ತುಂಬಿದರೆ ಪಟ್ಟಿಗಳು ತಾವಾಗಿ ಎದ್ದು ನಿಲ್ಲುತ್ತವೆ. ಕಟ್ಟಳೆ ಒಂದೇ: ಅಳತೆ ಸೊನ್ನೆಯಿಂದ ಶುರುವಾಗಬೇಕು. ಇಲ್ಲವಾದರೆ ನೂರಹತ್ತು ಮೂಟೆ ನೂರು ಮೂಟೆಯ ದುಪ್ಪಟ್ಟಿನಂತೆ ಕಂಡೀತು.