ಉಕ್ಕಿನ ಗೋಡೆಯನ್ನೂ ದಾಟುವ ಹೈಡ್ರೋಜನ್

ಜುಬೈಲ್‌ನಲ್ಲೋ ರುವೈಸ್‌ನಲ್ಲೋ ವೆಲ್ಡರ್ ಆಗಿ ದುಡಿದು ಬಂದವರು ನಮ್ಮ ಬ್ಯಾರಿಗಳಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಅವರನ್ನು ಕೇಳಿ ನೋಡಿ, 'ಲೋ ಹೈಡ್ರೋಜನ್' ರಾಡನ್ನು ಓವನ್‌ನಿಂದ ತೆಗೆದು ಬಿಸಿಯಾಗಿಯೇ ಬಳಸಬೇಕು ಅಂತಾರೆ. ರಾಡಿನ ಲೇಪನ ತೇವ ಹೀರಿದ್ದರೆ ಆ ನೀರಿನ ಹೈಡ್ರೋಜನ್ ಬೆಸುಗೆಯೊಳಗೆ ಸೇರಿಕೊಳ್ಳುತ್ತದೆ. ಕೆಲವೊಮ್ಮೆ ಮರುದಿನ ನೋಡಿದರೆ ಬಿರುಕು!

ಇದೇ ಹೈಡ್ರೋಜನ್ ಈಗ ಫ್ಯೂಷನ್ ವಿದ್ಯುತ್ ಸ್ಥಾವರ ಕಟ್ಟಲು ಹೊರಟವರಿಗೂ ತಲೆನೋವು. ಸೂರ್ಯನಲ್ಲಿ ನಡೆಯುವಂಥ ಪರಮಾಣು ಬೆಸುಗೆಯನ್ನು ಭೂಮಿಯ ಮೇಲೆ ಮಾಡುವ 'ಇಟರ್' ಯೋಜನೆ ದಕ್ಷಿಣ ಫ್ರಾನ್ಸ್‌ನ ಕಡರಾಶ್‌ನಲ್ಲಿ ಕಟ್ಟಲ್ಪಡುತ್ತಿದೆ. ಭಾರತವೂ ಅದರ 7 ಸದಸ್ಯರಲ್ಲಿ ಒಂದು. ಅದರ ಸುಮಾರು 3,850 ಟನ್ ತೂಕದ ಕ್ರಯೋಸ್ಟಾಟ್ ಎಂಬ ಉಕ್ಕಿನ ಹೊರಕವಚದ ಭಾಗಗಳು ತಯಾರಾದದ್ದು ಗುಜರಾತಿನ ಹಜೀರಾದಲ್ಲಿ.

ಇಂಧನ ಎರಡು: ಡ್ಯೂಟೀರಿಯಂ, ಟ್ರಿಟಿಯಂ. ಎರಡೂ ಹೈಡ್ರೋಜನ್‌ನ ಭಾರದ ಅಣ್ಣತಮ್ಮಂದಿರು. ಡ್ಯೂಟೀರಿಯಂ ಸಮುದ್ರದ ನೀರಿನಲ್ಲೇ ಬೇಕಾದಷ್ಟು ಉಂಟು. ಟ್ರಿಟಿಯಂ ಹಾಗಲ್ಲ, ವಿಕಿರಣಶೀಲ, 12.3 ವರ್ಷಕ್ಕೆ ಅರ್ಧಕ್ಕರ್ಧ ಕರಗಿಹೋಗುತ್ತದೆ. 1,000 ಮೆಗಾವಾಟ್ ಫ್ಯೂಷನ್ ಶಕ್ತಿ ವರ್ಷವಿಡೀ ಬೇಕಾದರೆ ಸುಮಾರು 55 ಕಿಲೋ ಟ್ರಿಟಿಯಂ ಸುಡಬೇಕು. ಜಗತ್ತಿನಲ್ಲಿ ನಾಗರಿಕ ಬಳಕೆಗಿರುವ ದಾಸ್ತಾನೇ ಕೆಲವು ಹತ್ತು ಕಿಲೋ! ಹಾಗಾಗಿ ಸ್ಥಾವರ ತನ್ನೊಳಗೇ ಲಿಥಿಯಂನಿಂದ ಅದನ್ನು ತಯಾರಿಸಿಕೊಳ್ಳಬೇಕು, ತಯಾರಾದದ್ದನ್ನು ಒಂದಿಷ್ಟೂ ಪೋಲು ಮಾಡಬಾರದು.

ಆದರೆ ಉಕ್ಕು ಅದನ್ನು ತಡೆಯುವುದಿಲ್ಲ. ಬಿಸಿ ಉಕ್ಕಿಗೆ ತಾಗಿದ ಅನಿಲದ ಅಣು ಎರಡು ಪರಮಾಣುವಾಗಿ ಒಡೆದು, ಕಬ್ಬಿಣದ ಪರಮಾಣುಗಳ ನಡುವಿನ ಸಂದಿಯಿಂದ ಸಂದಿಗೆ ಹಾರುತ್ತಾ ಹೋಗಿ, ಆಚೆ ಬದಿಯಲ್ಲಿ ಮತ್ತೆ ಜೋಡಿಯಾಗಿ ಹೊರಬೀಳುತ್ತದೆ. ತೂತೇ ಇಲ್ಲದ ಸೋರಿಕೆ! ಗೋಡೆಯ ದಪ್ಪ ಇಮ್ಮಡಿಯಾದರೆ ಸೋರಿಕೆ ಅರ್ಧ ಮಾತ್ರ ಆಗುತ್ತದೆ, ನಿಲ್ಲುವುದಿಲ್ಲ. ಬಿಸಿ ಏರಿದಷ್ಟೂ ಓಟ ಜೋರು. ಮೂರು ಪಟ್ಟು ಭಾರವಿರುವ ಟ್ರಿಟಿಯಂ ಸಾದಾ ಹೈಡ್ರೋಜನ್‌ಗಿಂತ ಸ್ವಲ್ಪ ನಿಧಾನ, ಅಷ್ಟೇ. ನ್ಯೂಟ್ರಾನ್ ಹೊಡೆತದಿಂದ ಉಕ್ಕಿನೊಳಗೆ ಆಗುವ ಗಾಯಗಳಲ್ಲಿ ಕೆಲವು ಪರಮಾಣುಗಳು ಸಿಕ್ಕಿಬೀಳುತ್ತವೆ. ಅಲ್ಲಿ ಸಿಕ್ಕಿದ್ದೂ ನಷ್ಟದ ಲೆಕ್ಕಕ್ಕೇ.

ಇನ್ನೊಂದು ಫಜೀತಿ ನೋಡಿ. ನ್ಯೂಟ್ರಾನ್ ಹೊಡೆತ ಚೆನ್ನಾಗಿ ತಾಳುವುದು 'ಯೂರೋಫರ್' ಥರದ, 9 ಶೇಕಡಾ ಕ್ರೋಮಿಯಂ ಇರುವ ಉಕ್ಕು. ಕಲ್ಪಾಕ್ಕಂನ ವಿಜ್ಞಾನಿಗಳೂ ಇಂಥದ್ದನ್ನು ಅಭಿವೃದ್ಧಿಪಡಿಸಿದ್ದಾರೆ. ಆದರೆ ಸಾದಾ ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಹೈಡ್ರೋಜನ್ ಇದರಲ್ಲೇ ಸಲೀಸಾಗಿ ದಾಟುತ್ತದೆ. ಅದಕ್ಕೇ ಮೇಲೆ ಅಲ್ಯುಮಿನಿಯಂ ಆಕ್ಸೈಡ್‌ನ ತೆಳು ಲೇಪನ ಹಚ್ಚಿ ಪರೀಕ್ಷಿಸುತ್ತಿದ್ದಾರೆ. ಪ್ರಯೋಗಶಾಲೆಯಲ್ಲಿ ಸೋರಿಕೆ ನೂರು, ಕೆಲವೊಮ್ಮೆ ಸಾವಿರ ಪಟ್ಟು ಇಳಿದದ್ದುಂಟು. ಲೇಪನ ಬಿರುಕು ಬಿಟ್ಟರೆ ಲಾಭದ ಬಹುಪಾಲು ಹೋಯಿತು.

ತಡೆಯದಿದ್ದರೆ ಏನಾಗುತ್ತದೆ? ಟ್ರಿಟಿಯಂ ಕೊಳವೆಯ ಗೋಡೆ ದಾಟಿ ಹಬೆಯ ನೀರಿಗೆ ಸೇರಿ ತಾನೂ ನೀರಾಗುತ್ತದೆ. ಅದರ ವಿಕಿರಣ ಚರ್ಮ ದಾಟುವಷ್ಟು ಬಲವಾದದ್ದಲ್ಲ. ಆದರೆ ಕುಡಿದರೆ ದೇಹವಿಡೀ ಹರಡುತ್ತದೆ. 2009ರ ನವೆಂಬರ್‌ನಲ್ಲಿ ನಮ್ಮ ಕೈಗಾ ಸ್ಥಾವರದಲ್ಲಿ ಟ್ರಿಟಿಯಂ ಇದ್ದ ಭಾರಜಲ ಕುಡಿಯುವ ನೀರಿನ ಕೂಲರ್‌ಗೆ ಸೇರಿ 50ಕ್ಕೂ ಹೆಚ್ಚು ಕಾರ್ಮಿಕರ ದೇಹ ಹೊಕ್ಕಿದ್ದು ಹಲವರಿಗೆ ನೆನಪಿರಬಹುದು. ಅಲ್ಲಿ ಉಕ್ಕಿನ ತಪ್ಪಿರಲಿಲ್ಲ, ಯಾರೋ ಬೇಕೆಂದೇ ಬೆರೆಸಿದ್ದೆಂದು ಅಧಿಕಾರಿಗಳು ಹೇಳಿದ್ದರು.

ಈ ಲೇಪನ, ಬೆಸುಗೆ, ಉಕ್ಕಿನ ಕೆಲಸಕ್ಕೆಲ್ಲ ಬೇಕಾಗಿರುವುದು ಲೋಹ ಓದಿದವರು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅದರದ್ದೇ ವಿಭಾಗ ಉಂಟು. ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಮಾತ್ರ ನಮ್ಮ ಮಕ್ಕಳು ಆ ಕಡೆ ನೋಡುವುದು ಯಾಕೋ!