37 ಮೀಟರ್ ಆಳದ ಬಾಗಿಲು

ಫ್ರಾನ್ಸ್‌ನ ಮಾರ್ಸೇ ನಗರದ ಪಕ್ಕ, ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ಗುಹೆ ಇದೆ. ಅದರ ಬಾಗಿಲು ಇರುವುದು ನೀರಿನ ಮಟ್ಟದಿಂದ 37 ಮೀಟರ್ ಕೆಳಗೆ. ಹನ್ನೆರಡು ಅಂತಸ್ತಿನ ಕಟ್ಟಡದ ಟೆರೇಸಿನಿಂದ ನೆಲಕ್ಕೆ ಇಳಿದಷ್ಟು ಆಳ ಅಂದುಕೊಳ್ಳಿ. ಅಲ್ಲಿಂದ ನೂರು ಮೀಟರ್‌ಗೂ ಉದ್ದದ ಇಕ್ಕಟ್ಟಾದ ಸುರಂಗವೊಂದು ನಿಧಾನವಾಗಿ ಮೇಲೇರುತ್ತಾ ಹೋಗುತ್ತದೆ. ಸುರಂಗ ಮುಗಿದಲ್ಲಿ ನೀರಿನಿಂದ ತಲೆ ಹೊರಗೆ ಹಾಕಿದರೆ, ಗಾಳಿ ತುಂಬಿದ ದೊಡ್ಡ ಕೋಣೆ! ಗೋಡೆಗೆ ಟಾರ್ಚ್ ಹಿಡಿದರೆ ಕುದುರೆ, ಕಾಡೆಮ್ಮೆ, ಸೀಲ್‌ಗಳ ಚಿತ್ರಗಳು. ಜೊತೆಗೆ ಮನುಷ್ಯರ ಅಂಗೈ ಗುರುತುಗಳು. ಅವುಗಳಲ್ಲಿ ಹಳೆಯವಕ್ಕೆ ಸುಮಾರು 27 ಸಾವಿರ ವರ್ಷ.

ಇದರ ಹೆಸರು ಕೊಸ್ಕೇರ್ ಗುಹೆ. ಇದನ್ನು ಕಂಡುಹಿಡಿದ ಹೆನ್ರಿ ಕೊಸ್ಕೇರ್ ಪುರಾತತ್ವ ಓದಿದವರೇನಲ್ಲ, ಡೈವಿಂಗ್ ಅವರ ಕಸುಬು. ನೀರಿನೊಳಗೆ ಹೋಗಿ ಚಿತ್ರ ಬಿಡಿಸಿದವರು ಯಾರು ಎಂಬ ಪ್ರಶ್ನೆ ನಿಮಗೂ ಬಂದಿರಬಹುದು. ಯಾರೂ ನೀರಿನೊಳಗೆ ಹೋಗಲಿಲ್ಲ. ಆಗ ಹಿಮಯುಗ. ಭೂಮಿಯ ಬಹಳಷ್ಟು ನೀರು ಮಂಜುಗಡ್ಡೆಯಾಗಿ ಕೂತಿದ್ದರಿಂದ ಸಮುದ್ರದ ಮಟ್ಟ ಇಂದಿಗಿಂತ ನೂರು ಮೀಟರ್‌ಗೂ ಹೆಚ್ಚು ಕೆಳಗಿತ್ತು. ದಡ ಕೆಲವು ಕಿಲೋಮೀಟರ್ ಆಚೆ. ಜನ ಗುಡ್ಡ ಹತ್ತಿ, ದೀವಟಿಗೆ ಹಿಡಿದು, ನಡೆದುಕೊಂಡೇ ಒಳಗೆ ಹೋಗಿದ್ದರು. ಆಮೇಲೆ ಮಂಜು ಕರಗಿತು, ಸಮುದ್ರ ಏರಿತು, ಬಾಗಿಲು ಮುಳುಗಿತು. ಗುಹೆಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ನೀರು ಪಾಲಾಯಿತು. ಎತ್ತರದಲ್ಲಿದ್ದ ಒಂದು ಪಾಲು ಮಾತ್ರ ಒಣಗಿಯೇ ಉಳಿಯಿತು.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದುವಾಗ ಒತ್ತಡದ ಲೆಕ್ಕಗಳಿಗೆ ಉದಾಹರಣೆ ಹುಡುಕುತ್ತಾ ಈ ಗುಹೆಯ ಕಥೆಗೆ ಬಂದೆ. ಆಮೇಲೆ ಬಿಡಲಾಗಲಿಲ್ಲ.

ಗ್ಯಾಸ್ ಕಾರಿನಿಂದ ಬಂದ ಉಸಿರು

ಇಂದು ನಾವು ಸ್ಕೂಬಾ ಎನ್ನುವ ಸಾಧನ ರೂಪ ಪಡೆದದ್ದೂ ಇದೇ ಕರಾವಳಿಯಲ್ಲಿ. ಎರಡನೇ ಮಹಾಯುದ್ಧದ ಕಾಲ. ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸ್‌ನಲ್ಲಿ ಪೆಟ್ರೋಲ್‌ಗೆ ಬರ. ಕಾರುಗಳನ್ನು ಗ್ಯಾಸ್‌ನಲ್ಲಿ ಓಡಿಸಬೇಕಿತ್ತು. ಎಂಜಿನ್ ಎಷ್ಟು ಎಳೆಯುತ್ತದೋ ಅಷ್ಟೇ ಗ್ಯಾಸ್ ಬಿಡುವ ವಾಲ್ವ್ ಒಂದನ್ನು ಎಮಿಲ್ ಗಾನ್ಯಾ ಎಂಬ ಎಂಜಿನಿಯರ್ ರೂಪಿಸಿದ್ದರು. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೋಗೆ ಬೇಕಾಗಿದ್ದದ್ದೂ ಅದೇ: ಎಂಜಿನ್ ಬದಲು ಮನುಷ್ಯನ ಶ್ವಾಸಕೋಶ. ಇಬ್ಬರೂ ಸೇರಿ ಮಾಡಿದ ‘ಆಕ್ವಾಲಂಗ್’ 1943ರಲ್ಲಿ ಮಾರ್ಸೇಯಿಂದ ಹೆಚ್ಚು ದೂರವಿಲ್ಲದ ಬಾಂದೋಲ್ ಎಂಬಲ್ಲಿ ಸಮುದ್ರಕ್ಕಿಳಿಯಿತು.

ವಾಲ್ವ್‌ನ ಕೆಲಸ ಸರಳ. ನೀವು ಉಸಿರೆಳೆದಾಗ ಮಾತ್ರ ಅದು ಗಾಳಿ ಕೊಡುತ್ತದೆ, ಅದೂ ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದಲ್ಲಿ. ಇಲ್ಲದಿದ್ದರೆ ಎದೆಯ ಮೇಲೆ ನೀರಿನ ಭಾರ ಕೂತು ಉಸಿರೇ ಎಳೆಯಲಾಗದು. ಇದು ಎಂಥ ಉಪಕಾರ ಎಂದು ನನಗೆ ಅರ್ಥವಾದದ್ದು ನಮ್ಮ ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ, ಇನ್‌ಸ್ಟ್ರಕ್ಟರ್ ಕೈ ಹಿಡಿದುಕೊಂಡು ಒಮ್ಮೆ ಇಳಿದಿದ್ದೇನೆ. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲೇ ಕಿವಿಯೊಳಗೆ ಯಾರೋ ಬೆರಳಿಟ್ಟು ಒತ್ತಿದಂತಾಗುತ್ತದೆ. ಮೂಗು ಹಿಡಿದು ಗಾಳಿ ಊದಿದರೆ ‘ಟಪ್’ ಅಂದು ಸರಿಹೋಗುತ್ತದೆ. ಇನ್ನೊಂದಿಷ್ಟು ಇಳಿದರೆ ಕೆಂಪು ಬಣ್ಣ ಮಾಸುತ್ತದೆ. ನೀರು ಮೊದಲು ನುಂಗುವುದು ಕೆಂಪನ್ನೇ. ನನ್ನ ಕೈಗೆ ಕಟ್ಟಿದ್ದ ಕೆಂಪು ದಾರ ಅಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಅದೆಲ್ಲ ತೆರೆದ ಸಮುದ್ರ. ಹೆದರಿಕೆಯಾದರೆ ಮೇಲೆ ಬೆಳಕಿದೆ. ಗುಹೆಯಲ್ಲಿ ಮೇಲೆ ಇರುವುದು ಬಂಡೆ.

ಲೆಕ್ಕ ಶುರುವಾಗುವುದು ವಾಪಸ್ ದಾರಿಯಿಂದ

ಬನ್ನಿ, ಒಂದು ಲೆಕ್ಕ ಮಾಡೋಣ. 12 ಲೀಟರಿನ ಸಿಲಿಂಡರ್, 200 ಬಾರ್ ಒತ್ತಡದಲ್ಲಿ ತುಂಬಿದ್ದೇವೆ. ಒಳಗಿರುವುದು ಹೆಚ್ಚುಕಡಿಮೆ 2,400 ಲೀಟರ್ ಗಾಳಿ. ಡೈವರ್ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆ ಎಂದುಕೊಂಡರೆ ದಡದಲ್ಲಿ ಕೂತವನಿಗೆ ಅದು ಎರಡು ಗಂಟೆ ಸಾಕು. ಆದರೆ ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 37 ಮೀಟರ್‌ನಲ್ಲಿ ಒಟ್ಟು ಒತ್ತಡ 4.7 ಪಟ್ಟು. ಪ್ರತಿ ಉಸಿರಿಗೂ 4.7 ಪಟ್ಟು ಗಾಳಿ ಖರ್ಚು. ನಿಮಿಷಕ್ಕೆ 94 ಲೀಟರ್. ಎರಡು ಗಂಟೆಯ ಗಾಳಿ 25 ನಿಮಿಷಕ್ಕೆ ಖಾಲಿ!

ಗುಹೆಯಲ್ಲಿ ಆ 25 ನಿಮಿಷವೂ ನಿಮ್ಮದಲ್ಲ. ಗುಹೆ ಡೈವಿಂಗ್‌ನಲ್ಲಿ ‘ಮೂರನೇ ಒಂದು’ ಎಂಬ ನಿಯಮ ಇದೆ. ಗಾಳಿಯ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಪಾಲು ಏನಾದರೂ ಎಡವಟ್ಟಾದರೆ ಎಂದು. ಅಂದರೆ ಆ ಆಳದಲ್ಲಿ ಒಂದು ಸಿಲಿಂಡರ್ ನಂಬಿ ಒಳಮುಖವಾಗಿ ಈಜಬಹುದಾದದ್ದು ಎಂಟೂವರೆ ನಿಮಿಷ. ಮೀಟರ್‌ನ ಮುಳ್ಳು ಆ ಗುರುತಿಗೆ ಬಂದ ಕೂಡಲೇ ತಿರುಗಬೇಕು. ಎದುರಿಗೆ ಏನೇ ಕಾಣುತ್ತಿರಲಿ. ಇನ್ನೊಂದು ನಿಯಮವೂ ಇದೆ: ತಂಡದಲ್ಲಿ ಯಾರೇ ಆಗಲಿ, ಯಾವ ಕ್ಷಣದಲ್ಲೇ ಆಗಲಿ, ‘ವಾಪಸ್ ಹೋಗೋಣ’ ಎಂದು ಹೆಬ್ಬೆರಳು ಮೇಲೆ ಮಾಡಿದರೆ ಎಲ್ಲರೂ ತಿರುಗಬೇಕು. ಕಾರಣ ಕೇಳುವಂತಿಲ್ಲ. ಹೊರಗೆ ಬಂದ ಮೇಲೆ ಗೇಲಿ ಮಾಡುವಂತೆಯೂ ಇಲ್ಲ.

ಇಷ್ಟು ಬಿಗಿ ಯಾಕೆಂದರೆ ಅಲ್ಲಿ ನಮ್ಮ ಬುದ್ಧಿಯನ್ನೂ ಪೂರ್ತಿ ನಂಬುವಂತಿಲ್ಲ. ಸುಮಾರು 30 ಮೀಟರ್ ದಾಟಿದ ಮೇಲೆ ಒತ್ತಡದಲ್ಲಿರುವ ನೈಟ್ರೋಜನ್ ಮಂಪರು ತರಿಸುತ್ತದೆ. ಕುಡಿದವನಿಗೆ ಬರುವ ಧೈರ್ಯ ಬರುತ್ತದೆ. ಗಡಿಬಿಡಿಯಲ್ಲಿ ಮೇಲೇರಿದರೆ ರಕ್ತದಲ್ಲಿ ಕರಗಿದ್ದ ನೈಟ್ರೋಜನ್, ಗೋಲಿ ಸೋಡಾ ಒಡೆದಾಗಿನಂತೆ ಗುಳ್ಳೆಯಾಗುತ್ತದೆ. ಇನ್ನು ಸುರಂಗದ ತಳದಲ್ಲಿ ಸಾವಿರಾರು ವರ್ಷಗಳಿಂದ ಕೂತಿರುವ ನುಣ್ಣನೆಯ ಹೂಳು. ಕಾಲಿನ ಫಿನ್ ಒಮ್ಮೆ ತಾಗಿದರೂ ಸಾಕು, ಮೇಲೆದ್ದು ಟಾರ್ಚ್ ಬೆಳಕನ್ನೇ ನುಂಗುತ್ತದೆ. ಆಗ ದಾರಿ ತೋರಿಸುವುದು ಬಾಗಿಲಿನಿಂದ ಕಟ್ಟಿಕೊಂಡು ಬಂದ ದಾರ ಮಾತ್ರ.

ಹೆನ್ರಿ ಕೊಸ್ಕೇರ್ ಈ ಬಾಗಿಲನ್ನು ನೋಡಿದ್ದು 1985ರಲ್ಲಿ. ಮೊದಲ ಸಲವೇ ಒಳಗಿನ ಕೋಣೆ ಮುಟ್ಟಲಿಲ್ಲ. ಸ್ವಲ್ಪ ದೂರ ಹೋಗಿ ವಾಪಸ್, ಇನ್ನೊಮ್ಮೆ ಇನ್ನಷ್ಟು ದೂರ, ಮತ್ತೆ ವಾಪಸ್. ಕೋಣೆ ಸಿಕ್ಕಮೇಲೂ ಚಿತ್ರಗಳು ಕಣ್ಣಿಗೆ ಬಿದ್ದದ್ದು 1991ರಲ್ಲಿ. ಗೋಡೆಯ ಮೇಲೆ ಒಂದು ಅಂಗೈ!

ಅದೇ ವರ್ಷ ಸೆಪ್ಟೆಂಬರ್ ಆರಂಭದಲ್ಲಿ ಬೇರೆ ಊರಿನಿಂದ ಬಂದ ಮೂವರು ಡೈವರ್‌ಗಳು ಅದೇ ಸುರಂಗದಲ್ಲಿ ದಾರಿ ತಪ್ಪಿ ಪ್ರಾಣ ಬಿಟ್ಟರು. ಅದರ ಬೆನ್ನಲ್ಲೇ ಕೊಸ್ಕೇರ್ ತಾವು ಕಂಡದ್ದನ್ನು ಸರ್ಕಾರಕ್ಕೆ ತಿಳಿಸಿದರು. ಡೈವಿಂಗ್ ಬಲ್ಲ ಪ್ರಾಗೈತಿಹಾಸ ತಜ್ಞ ಜಾನ್ ಕುರ್ತಾಂ ಒಳಗೆ ಹೋಗಿ ಪರೀಕ್ಷಿಸಿದರು. ‘ಇದೆಲ್ಲ ನಕಲಿ’ ಎಂದ ವಿದ್ವಾಂಸರೂ ಇದ್ದರು. ಇದ್ದಿಲಿನ ಕಾರ್ಬನ್ ಪರೀಕ್ಷೆ ಅವರ ಬಾಯಿ ಮುಚ್ಚಿಸಿತು. ಬಾಗಿಲಿಗೆ ಅಡ್ಡ ಕಟ್ಟಲಾಯಿತು. ಇಂದು ಅನುಮತಿ ಪಡೆದ ಸಂಶೋಧಕರಿಗೆ ಮಾತ್ರ ಪ್ರವೇಶ. ಒಂದೇ ಸುರಂಗದಲ್ಲಿ ಒಬ್ಬರು ಹಲವು ಸಲ ತಿರುಗಿ ಬಂದರು, ಮೂವರು ಒಮ್ಮೆಯೂ ಬರಲಿಲ್ಲ. ಸತ್ತವರ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ. ಆದರೆ ಎಲ್ಲಿ ತಿರುಗಬೇಕು ಎನ್ನುವುದು ಡೈವಿಂಗ್‌ನಲ್ಲಿ ಯಾಕೆ ಮೊದಲ ಪಾಠ ಎಂಬುದು ಇಲ್ಲಿ ತಿಳಿಯುತ್ತದೆ.

ಈ ಲೆಕ್ಕವನ್ನು ಹೇಳಿದಾಗ ತಕ್ಷಣ ಹಿಡಿದುಕೊಂಡದ್ದು ನನ್ನ ರೂಮ್‌ಮೇಟ್‌ನ ಅಣ್ಣ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾರೆ. ಶುರು ಮಾಡುವ ಮುಂಚೆಯೇ ಅಪ್ಪನ ಜೊತೆ ಕೂತು ಬರೆದಿಟ್ಟಿದ್ದಾರಂತೆ: ಮೂರು ವರ್ಷ, ಇಷ್ಟು ದುಡ್ಡು, ಆಮೇಲೆ ಸಿಕ್ಕ ಕೆಲಸ. “ಜಾತ್ರಿಗೆ ಹೋಗೂ ಮುಂದ ವಾಪಸ್ ಬರೂ ಬಸ್ಸಿನ ರೊಕ್ಕ ಬ್ಯಾರೆ ಕಿಸೇದಾಗ ಇಟ್ಕೋತೀವಲ್ಲೋ ತಮ್ಮ, ಅಷ್ಟ ಇದು” ಅಂದರು. ಕೋಚಿಂಗ್, ಪಿಜಿ, ಇನ್ನೊಂದು ಅಟೆಂಪ್ಟ್ ಎನ್ನುವ ಓಟದಲ್ಲಿರುವ ನಮ್ಮ ಎಷ್ಟೋ ಮಂದಿ ಆ ಮೂರನೇ ಪಾಲನ್ನು ಎಲ್ಲಿ ಇಟ್ಟಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳಬಹುದು. ತಿರುಗುವ ಗುರುತು ಇದ್ದವನಿಗೆ ಆ ಗುರುತಿನವರೆಗೂ ಹೆದರಿಕೆಯಿಲ್ಲ. ಅಣ್ಣನಿಗೆ ಈಗ ಎರಡನೇ ವರ್ಷ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದಂತೆ.

ಅಮ್ಮನ ತಾಳಿಯ ಹವಳ

ಈಗ ಗುಹೆಯಿಂದ ಹೊರಗೆ ಬರೋಣ. ಇಲ್ಲಿನ ಸುಣ್ಣಕಲ್ಲಿನ ಕಡಿದಾದ ಕೊಲ್ಲಿಗಳಿಗೆ ‘ಕಲಾಂಕ್’ ಎಂದು ಹೆಸರು. 2012ರಿಂದ ಇದು ರಾಷ್ಟ್ರೀಯ ಉದ್ಯಾನ. ನೀರಿನೊಳಗಿನ ಗೋಡೆಗಳ ಮೇಲೆ ಮೆಡಿಟರೇನಿಯನ್‌ನದೇ ಆದ ರೀಫ್ ಇದೆ. ಅಂಡಮಾನಿನಂತೆ ಇದನ್ನು ಕಟ್ಟಿದ್ದು ಹವಳದ ಹುಳುಗಳಲ್ಲ, ಹೆಚ್ಚಾಗಿ ಸುಣ್ಣ ಕೂಡಿಸುವ ಕೆಂಪು ಪಾಚಿಗಳು. ಅದರ ಮೇಲೆ ಬೀಸಣಿಗೆಯಂತೆ ಹರಡಿದ ನೇರಳೆ ಗೊರ್ಗೋನಿಯನ್‌ಗಳು. ಬಂಡೆಯ ಕೆಳಗೆ, ಗುಹೆಗಳ ಚಾವಣಿಯಲ್ಲಿ, ಕತ್ತಲನ್ನೇ ಬಯಸುವ ಕೆಂಪು ಹವಳ.

ಈ ಹವಳ ನಮಗೆ ಹೊಸದಲ್ಲ. ರೋಮನ್ನರ ಕಾಲದಿಂದ ಮೆಡಿಟರೇನಿಯನ್ ಹವಳ ಹಡಗೇರಿ ಭಾರತಕ್ಕೆ ಬರುತ್ತಿತ್ತು. ನಮ್ಮ ಹೆಂಗಸರು ಮುತ್ತಿಗೆ ಆಸೆಪಡುವಂತೆ ಭಾರತದವರು ಹವಳಕ್ಕೆ ಆಸೆಪಡುತ್ತಾರೆ ಎಂಬ ಅರ್ಥದ ಮಾತನ್ನು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ನವರತ್ನಗಳಲ್ಲಿ ಅದೂ ಒಂದು. ನನ್ನ ಅಮ್ಮನ ತಾಳಿಯಲ್ಲಿ ಕರಿಮಣಿ ನಡುವೆ ಎರಡು ಹವಳಗಳಿವೆ. ಅವು ಯಾವ ಕಡಲಿನವೋ. ಆದರೆ ಈ ಜೀವಿಯ ಕೊಂಬೆ ದಪ್ಪವಾಗುವುದು ವರ್ಷಕ್ಕೆ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ ಎಂದು ತಿಳಿದ ಮೇಲೆ ಆ ಎರಡು ಮಣಿಗಳನ್ನು ಬೇರೆ ಕಣ್ಣಿನಿಂದ ನೋಡುತ್ತೇನೆ.

ಇಷ್ಟು ನಿಧಾನವಾಗಿ ಬೆಳೆಯುವವು ಬಹಳ ಬೇಗ ಸಾಯುತ್ತಿವೆ. 1999ರಲ್ಲಿ ಈ ಕರಾವಳಿಯ ನೀರು ವಾರಗಟ್ಟಲೆ ಬಿಸಿಯಾಗಿಯೇ ಉಳಿದಾಗ ಗೊರ್ಗೋನಿಯನ್‌ಗಳು ರಾಶಿ ರಾಶಿ ಸತ್ತವು. 2022ರ ಬೇಸಿಗೆಯಲ್ಲಿ ಕಲಾಂಕ್ ಉದ್ಯಾನದಲ್ಲಿ ಮತ್ತೆ ಅದೇ ಆಯಿತು. ನೇರಳೆ ಬೀಸಣಿಗೆಗಳು ಚರ್ಮ ಕಳಚಿ ಬರೀ ಕಡ್ಡಿಗಳಾದವು.

ಹಿಮಯುಗ ಮುಗಿದಾಗ ಗುಹೆಗೆ ನುಗ್ಗಿದ ಸಮುದ್ರ ಈಗ ಇನ್ನೂ ಏರುತ್ತಿದೆ. ಈ ಬಾರಿ ಕಾರಣ ನಾವು. ಗುಹೆಯ ಪ್ರಸಿದ್ಧ ಕುದುರೆಗಳ ಚಿತ್ರವಿರುವ ಗೋಡೆಯ ಬುಡವನ್ನು ನೀರು ಆಗಲೇ ಮುಟ್ಟಿದೆ. ಗುಹೆಯನ್ನು ಎತ್ತಿ ಬೇರೆಡೆ ಇಡಲಾಗದು, ನೀರನ್ನು ತಡೆಯಲೂ ಆಗದು. ಆದ್ದರಿಂದ ಸಂಶೋಧಕರು ಡೈವ್ ಮಾಡಿ ಹೋಗಿ, ಲೇಸರ್ ಸ್ಕ್ಯಾನರ್‌ಗಳಿಂದ ಒಳಗಿನ ಗೋಡೆಗಳನ್ನು ಅಳೆದು ದಾಖಲಿಸುತ್ತಿದ್ದಾರೆ. ಅಂಥ ಅಳತೆಗಳಿಂದಲೇ ಮಾರ್ಸೇಯಲ್ಲಿ ಗುಹೆಯ ಪ್ರತಿಕೃತಿ ಕಟ್ಟಿ 2022ರಲ್ಲಿ ಜನರಿಗೆ ತೆರೆದರು. ಪಾಸ್‌ಪೋರ್ಟ್ ಇದ್ದು ದುಡ್ಡು ಕೂಡಿದರೆ ನಾನೂ ನೀವೂ ಅಲ್ಲಿಗೆ ಹೋಗಬಹುದು, ಸಿಲಿಂಡರ್ ಬೇಕಿಲ್ಲ.

ಆ ಗೋಡೆಯ ಮೇಲೆ ‘ದೊಡ್ಡ ಆಕ್’ ಎಂಬ ಹಕ್ಕಿಯ ಚಿತ್ರವಿದೆ. ಪೆಂಗ್ವಿನ್‌ನಂತೆ ಕಾಣುತ್ತಿದ್ದ, ಹಾರಲಾರದ ಈ ಹಕ್ಕಿಯನ್ನು ಮನುಷ್ಯರು ಬೇಟೆಯಾಡಿ 19ನೇ ಶತಮಾನದ ನಡುವಿಗೆ ಪೂರ್ತಿ ಮುಗಿಸಿದರು. ಬರೆದವನ ಕಾಲದಲ್ಲಿ ಹಕ್ಕಿ ಇತ್ತು, ಈಗ ಚಿತ್ರ ಮಾತ್ರ ಇದೆ. ನಾಳೆ ಚಿತ್ರವೂ ಹೋಗಿ ಸ್ಕ್ಯಾನ್ ಮಾತ್ರ ಉಳಿಯಬಹುದು. ಡೈವರ್‌ನ ಬಳಿ ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರ್ ಇರುತ್ತದೆ. ಭೂಮಿಯ ಮುಳ್ಳು ಆ ಗುರುತಿಗೆ ಬಂದಿದೆ ಎಂದು ಎಷ್ಟೋ ಮಂದಿ ಹೆಬ್ಬೆರಳು ಮೇಲೆ ಮಾಡಿ ಹೇಳುತ್ತಲೇ ಇದ್ದಾರೆ. ಗುಹೆಯ ನಿಯಮದ ಪ್ರಕಾರ, ಒಬ್ಬರು ಹೇಳಿದರೂ ಸಾಕು, ಎಲ್ಲರೂ ತಿರುಗಬೇಕು.