ರಕ್ತವನ್ನು ಕೆಂಪಾಗಿ ಕಾಯುವ ಕಿಣ್ವ

ಉಳ್ಳಾಲದ ಕಡೆ ಬಂಗುಡೆ ಕೊಳ್ಳುವವರು ಮೊದಲು ನೋಡುವುದು ಕಿವಿರನ್ನು. ಮುಚ್ಚಳ ಎತ್ತಿದಾಗ ಕಡುಗೆಂಪು ಕಂಡರೆ ಮೀನು ತಾಜಾ. ಕಂದು ತಿರುಗಿದ್ದರೆ ಚೌಕಾಸಿಯೇ ಬೇಡ, ಮುಂದಿನ ಬುಟ್ಟಿಗೆ ಹೋಗುತ್ತಾರೆ. ಕಿವಿರಿನ ಕೆಂಪು ಹಿಮೋಗ್ಲೋಬಿನ್ನಿನದು. ಅದರ ಹೀಮ್‌ನಲ್ಲಿರುವ ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಮೆಟ್‌ಹಿಮೋಗ್ಲೋಬಿನ್ ಆಗುತ್ತದೆ. ಅದರ ಬಣ್ಣ ಕಂದು. ಆಮ್ಲಜನಕ ಹೊರಲು ಅದಕ್ಕೆ ಆಗದು.

ನಮ್ಮ ಮೈಯಲ್ಲೂ ಇದು ತಪ್ಪಿದ್ದಲ್ಲ. ದಿನವೊಂದಕ್ಕೆ ಶೇ 0.5ರಿಂದ 3ರಷ್ಟು ಹಿಮೋಗ್ಲೋಬಿನ್ ಹೀಗೆ ಕೆಡುತ್ತದೆ. ಆದರೂ ಆರೋಗ್ಯವಂತರ ರಕ್ತದಲ್ಲಿ ಕೆಟ್ಟದ್ದರ ಪಾಲು ಶೇ 1ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಾರಣ, ಸೈಟೊಕ್ರೋಮ್ ಬಿ5 ರಿಡಕ್ಟೇಸ್ ಎಂಬ ಕಿಣ್ವ. ರಕ್ತಕಣದಲ್ಲಿ ಸಕ್ಕರೆ ಒಡೆಯುವಾಗ ಹುಟ್ಟುವ ಎನ್‌ಎಡಿಎಚ್‌ನಿಂದ ಇದು ಎಲೆಕ್ಟ್ರಾನ್ ಪಡೆದು, ಸೈಟೊಕ್ರೋಮ್ ಬಿ5 ಎಂಬ ಹೀಮ್ ಪ್ರೋಟೀನಿಗೆ ಕೊಡುತ್ತದೆ. ಆ ಪ್ರೋಟೀನು ಅದನ್ನು ಕೆಟ್ಟ ಹಿಮೋಗ್ಲೋಬಿನ್ನಿಗೆ ದಾಟಿಸುತ್ತದೆ. ದೋಣಿಯ ಮೀನಿನ ಬುಟ್ಟಿ ಕೈಯಿಂದ ಕೈಗೆ ದಡ ಸೇರುವ ಹಾಗೆ. ಕಬ್ಬಿಣ ಮೊದಲಿನಂತಾಗಿ ಮತ್ತೆ ಉಸಿರು ಹೊರುತ್ತದೆ. ಸತ್ತ ಮೀನಿನಲ್ಲಿ ಈ ದುಡಿಮೆ ನಿಂತುಹೋಗುವುದರಿಂದಲೇ ಕಿವಿರು ಹೊತ್ತು ಕಳೆದಂತೆ ಕಂದುತ್ತದೆ.

ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಮೈ ನೀಲಿಗಟ್ಟುವುದಕ್ಕೆ ಈ ವ್ಯವಸ್ಥೆಯ ಕೊರತೆಯೇ ಕಾರಣವೆಂದು 1948ರಲ್ಲಿ ಬೆಲ್‌ಫಾಸ್ಟ್‌ನ ಕ್ವೆಂಟಿನ್ ಗಿಬ್ಸನ್ ತೋರಿಸಿಕೊಟ್ಟರು. ಅಂಥ ಕಾಯಿಲೆ ಅಪರೂಪ. ಆದರೆ ಪ್ರತಿ ಹಸುಗೂಸಿನಲ್ಲೂ ಈ ಕಿಣ್ವದ ಬಲ ದೊಡ್ಡವರದರ ಸುಮಾರು ಅರ್ಧದಷ್ಟೇ. ನಾವು ಎಚ್ಚರ ವಹಿಸಬೇಕಾದದ್ದು ಇಲ್ಲಿ.

ಬಾವಿ ನೀರಿನ ನೈಟ್ರೇಟ್ ಮಗುವಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ಕಿಣ್ವ ಸರಿಪಡಿಸುವುದಕ್ಕಿಂತ ಬೇಗ ಹಿಮೋಗ್ಲೋಬಿನ್ನನ್ನು ಕೆಡಿಸಬಲ್ಲದು. ಅಮೆರಿಕದ ಅಯೋವಾದಲ್ಲಿ ನೀಲಿಗಟ್ಟಿದ ಕೂಸುಗಳಿಗೂ ಬಾವಿ ನೀರಿಗೂ ಇರುವ ನಂಟನ್ನು ಹಂಟರ್ ಕಾಮ್ಲಿ 1945ರಲ್ಲೇ ಬರೆದಿಟ್ಟರು. ನಮ್ಮಲ್ಲಿ ಕುಡಿಯುವ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕಡಲಂಚಿನ ಮರಳು ನೆಲದಲ್ಲಿ ಬಾವಿಯ ಪಕ್ಕದಲ್ಲೇ ಶೌಚದ ಗುಂಡಿ ಇದ್ದರೆ ಕೊಳೆ ಬೇಗ ನೀರಿಗೆ ಇಳಿಯುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗದು. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ.

ಮೊದಲ ಆರು ತಿಂಗಳು ತಾಯಿಹಾಲೊಂದೇ ಸಾಕು. ಹಾಲಿನ ಪುಡಿ ಕಲಸಲೇಬೇಕಾದ ಮನೆಯಲ್ಲಿ ಬಾವಿ ನೀರನ್ನು ಮೊದಲು ಪರೀಕ್ಷೆ ಮಾಡಿಸಬೇಕು. ಮಗುವಿನ ತುಟಿ, ಉಗುರು ನೀಲಿಗಟ್ಟಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೆಥಿಲೀನ್ ಬ್ಲೂ ಎಂಬ ಚುಚ್ಚುಮದ್ದು ಇದಕ್ಕಿದೆ. ಮೀನಿನ ಕಿವಿರನ್ನು ಅಷ್ಟು ಜಾಣತನದಿಂದ ನೋಡುವ ನಮ್ಮೂರಿನವರಿಗೆ ಈ ಎಚ್ಚರ ಕಷ್ಟದ್ದೇನಲ್ಲ.